ದುಡ್ಡು ಕೊಡುವ ಮೊದಲು ಓಡಿಸಿ ನೋಡಿ: ಹೊಸ ಆಪರೇಟಿಂಗ್ ಸಿಸ್ಟಮ್ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

2025ರ ಅಕ್ಟೋಬರ್. ತಲಕಾವೇರಿ ತೀರ್ಥೋದ್ಭವಕ್ಕೆ ಇನ್ನು ಮೂರು ದಿನ ಇತ್ತು. ಪಕ್ಕದ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು, ನನ್ನ ಜೆರಾಕ್ಸ್ ಅಂಗಡಿಗೆ ಬಂದರು. ಕೈಯಲ್ಲಿ ಗೊಬ್ಬರದ ಪ್ಲಾಸ್ಟಿಕ್ ಚೀಲ, ಅದರೊಳಗೆ ಲ್ಯಾಪ್‌ಟಾಪ್.

"ಅಣ್ಣಾ, ಇದು ಇವತ್ತಿಗೆ ಸತ್ತು ಹೋಗ್ತದಂತೆ. ಹೊಸ ವಿಂಡೋಸ್ ತಗೋಬೇಕಂತೆ. ಎಷ್ಟಾಗ್ತದೆ?"

ಸಾಯುವಂಥದ್ದೇನೂ ಆಗಿರಲಿಲ್ಲ. ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಲ್ಲಿಸಿತು, ಅಷ್ಟೆ. ಕಂಪ್ಯೂಟರ್ ಮೊದಲಿನ ಹಾಗೆಯೇ ಓಡುತ್ತದೆ, ಆದರೆ ಸೆಕ್ಯುರಿಟಿ ಅಪ್‌ಡೇಟ್ ತಾನಾಗಿ ಬರುವುದಿಲ್ಲ. ಮನೆ ಬಳಕೆಯವರಿಗೆ ಇನ್ನೊಂದು ವರ್ಷದ ದಾರಿಯನ್ನೂ ಅವರೇ ಬಿಟ್ಟಿದ್ದಾರೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ 'ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್' ಅಂತ ಒಂದು ಸಾಲು ಇರುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ, ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲದೆ 2026ರ ಅಕ್ಟೋಬರ್ 13ರವರೆಗೆ ಅಪ್‌ಡೇಟ್ ಸಿಗುವ ವ್ಯವಸ್ಥೆ ಅದು. ಅಂದರೆ ಗಾಬರಿಯಲ್ಲಿ ಏನನ್ನೂ ಕೊಳ್ಳಬೇಕಾಗಿಲ್ಲ. ನೋಡಿ ಕೊಳ್ಳಲು ಟೈಮ್ ಇದೆ.

ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಮ್ ಅನ್ನು, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರನ್ನು, ಹಾಗೆ ನೋಡುವುದು ಹೇಗೆ ಅನ್ನುವುದೇ ಈ ಬರಹ. ರೈಟರ ಲ್ಯಾಪ್‌ಟಾಪಿನಲ್ಲಿ ನಾವಿಬ್ಬರೂ ಸೇರಿ ಮಾಡಿದ್ದನ್ನೇ ಹೆಚ್ಚುಕಮ್ಮಿ ಅದೇ ಕ್ರಮದಲ್ಲಿ ಬರೆದಿದ್ದೇನೆ.

ಮೊದಲು ಕಂಪ್ಯೂಟರ್ ಮುಚ್ಚಿ, ಕಾಗದ ತೆಗೆಯಿರಿ

ಹೊಸ ಸಿಸ್ಟಮ್ ನೋಡಲು ಕೂತ ಹೆಚ್ಚಿನವರು ಏನು ನೋಡುತ್ತಾರೆ? ವಾಲ್‌ಪೇಪರ್, ಮೆನು, ಬಣ್ಣ. ಚೆನ್ನಾಗಿದೆ ಅಂದುಕೊಳ್ಳುತ್ತಾರೆ, ಹಾಕಿಸುತ್ತಾರೆ. ಮಾರ್ಚ್ ಕೊನೆಯ ವಾರ ಲೆಕ್ಕ ಮುಗಿಸಲು ಕೂತಾಗ ಬೇಕಾದ ಸಾಫ್ಟ್‌ವೇರ್ ಓಡುವುದಿಲ್ಲ ಅಂತ ಗೊತ್ತಾಗುತ್ತದೆ. ಹೊಸ ಸಿಸ್ಟಮ್ ಚೆನ್ನಾಗಿದೆಯಾ ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. ನಿಮ್ಮ ಕೆಲಸ ಅದರಲ್ಲಿ ಆಗುತ್ತದಾ ಅನ್ನುವುದಕ್ಕೆ ಮಾತ್ರ ಉತ್ತರ ಇದೆ.

ಹಾಗಾಗಿ ಒಂದು ತಿಂಗಳಲ್ಲಿ ಕಂಪ್ಯೂಟರಿನಲ್ಲಿ ಏನೇನು ಮಾಡುತ್ತೀರಿ ಅಂತ ಬರೆಯಿರಿ. ದೊಡ್ಡದು, ಸಣ್ಣದು, ಎಲ್ಲವನ್ನೂ. ರೈಟರ ಪಟ್ಟಿ ಹೀಗಿತ್ತು: ವಾರದ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿ ಲೆಕ್ಕ), ಮಳೆ ಲೆಕ್ಕದ ಎಕ್ಸೆಲ್ ಶೀಟು, ಟ್ಯಾಲಿ, ಪಹಣಿ ತೆಗೆಯುವುದು, ಬ್ಯಾಂಕಿನ ವೆಬ್‌ಸೈಟು, ವಾಟ್ಸ್ಯಾಪ್ ವೆಬ್, ನುಡಿ ಸಾಫ್ಟ್‌ವೇರ್‌ನಲ್ಲಿ ಕನ್ನಡ ಪತ್ರ, ಹಳೆ ಲೇಸರ್ ಪ್ರಿಂಟರ್, ಸಂಜೆ ಮಗಳ ಆನ್‌ಲೈನ್ ಕ್ಲಾಸು. ಒಂಬತ್ತು ಕೆಲಸ. ಪ್ರತಿಯೊಂದರ ಮುಂದೆ ಒಂದು ಖಾಲಿ ಚೌಕ ಹಾಕಿಟ್ಟೆವು.

ಆ ಮಳೆ ಶೀಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕೊಡಗಿನ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಬರೆಯುತ್ತಾರೆ, ನೂರು ಸೆಂಟಿಗೆ ಒಂದು ಇಂಚು. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಎಷ್ಟು ಸೆಂಟ್ ಬಿತ್ತು ಅನ್ನುವುದು ಇಲ್ಲಿ ಮದುವೆ ಮನೆಯಲ್ಲೂ ಮಾತಾಗುತ್ತದೆ. ರೈಟರು ತಿಂಗಳಿಗೊಂದು ಬಣ್ಣ ಕೊಟ್ಟು, ಒಂದು ಬಟನ್ ಒತ್ತಿದರೆ ವರ್ಷದ ಮೊತ್ತ ಬರುವ ಹಾಗೆ ಮಾಡಿಟ್ಟಿದ್ದರು. ಆ ಬಟನ್ ಮುಂದೆ ನಮ್ಮನ್ನು ಸತಾಯಿಸಿತು.

ನಿಮ್ಮ ಮೆಷಿನ್ ಏನು ಅಂತ ತಿಳಿಯಿರಿ

ಸ್ಟಾರ್ಟ್ ಮೆನುವಿನಲ್ಲಿ 'ಸಿಸ್ಟಮ್ ಇನ್ಫರ್ಮೇಶನ್' ಅಂತ ಹುಡುಕಿ ತೆರೆಯಿರಿ. ಪ್ರೊಸೆಸರ್ ಹೆಸರು, ರ‍್ಯಾಮ್ ಎಷ್ಟು, ಬಯೋಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಸಾಫ್ಟ್‌ವೇರ್) ಮೋಡ್ ಹೊಸ ಬಗೆಯ ಯುಇಎಫ್‌ಐನಾ ಹಳೆ ಬಗೆಯ ಲೆಗಸಿನಾ, ಈ ಮೂರನ್ನು ಬರೆದುಕೊಳ್ಳಿ.

ವಿಂಡೋಸ್ 11 ಕೇಳುವುದು ಇಷ್ಟು: 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಯುಇಎಫ್‌ಐ ಮತ್ತು ಸೆಕ್ಯೂರ್ ಬೂಟ್ (ನಂಬಿಕೆಯ ಸಿಸ್ಟಮ್ ಮಾತ್ರ ಶುರುವಾಗಲು ಬಿಡುವ ವ್ಯವಸ್ಥೆ), ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್. ಜೊತೆಗೆ ಪ್ರೊಸೆಸರ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿ ಇರಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಆಮೇಲಿನದು. ಇದನ್ನೆಲ್ಲ ಒಂದೊಂದಾಗಿ ಹುಡುಕುವ ಬದಲು ಮೈಕ್ರೋಸಾಫ್ಟ್‌ನ 'ಪಿಸಿ ಹೆಲ್ತ್ ಚೆಕ್' ಓಡಿಸಿ, ಆಗುತ್ತದಾ ಇಲ್ಲವಾ ಅಂತ ಅದೇ ಹೇಳುತ್ತದೆ. 4 ಜಿಬಿ ರ‍್ಯಾಮ್ ಸಾಕು ಅಂತ ಕಾಗದದಲ್ಲಿ ಇದ್ದರೂ, ನನ್ನ ಕೇಳಿದರೆ 8 ಜಿಬಿ ಇಲ್ಲದ ಮೆಷಿನ್‌ಗೆ ವಿಂಡೋಸ್ 11 ಹಾಕಬೇಡಿ.

ಇಲ್ಲಿ ತುಂಬ ಜನ ದುಡ್ಡು ಕಳೆದುಕೊಳ್ಳುವ ಜಾಗ ಇದೆ. ನಿಮ್ಮಲ್ಲಿ ಅಸಲಿ ವಿಂಡೋಸ್ 10 ಇದ್ದು, ಮೆಷಿನ್ ಈ ಪರೀಕ್ಷೆಯಲ್ಲಿ ಪಾಸಾದರೆ, ವಿಂಡೋಸ್ 11ಕ್ಕೆ ಹೋಗಲು ಒಂದು ಪೈಸೆ ಕೊಡಬೇಕಾಗಿಲ್ಲ. ಅಪ್‌ಗ್ರೇಡ್ ಉಚಿತ. ಇಷ್ಟವಾಗದಿದ್ದರೆ ಹತ್ತು ದಿನದೊಳಗೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, 'ಗೋ ಬ್ಯಾಕ್' ಒತ್ತಿ ವಾಪಸ್ ಬರಬಹುದು. ಇದೇ ಒಂದು ಪುಕ್ಕಟೆ ಪರೀಕ್ಷೆ ಅಲ್ವಾ? ಆದರೆ ಹನ್ನೊಂದನೇ ದಿನ ಆ ಬಾಗಿಲು ಮುಚ್ಚಿರುತ್ತದೆ. ಕ್ಯಾಲೆಂಡರಿನಲ್ಲಿ ಎಂಟನೇ ದಿನಕ್ಕೆ ಗುರುತು ಹಾಕಿಡಿ.

ರೈಟರ ಲ್ಯಾಪ್‌ಟಾಪ್ 6ನೇ ತಲೆಮಾರಿನದು, 4 ಜಿಬಿ ರ‍್ಯಾಮ್. ಪಾಸಾಗಲಿಲ್ಲ. ಅವರ ಮುಂದೆ ಇದ್ದದ್ದು ಎರಡು ದಾರಿ: ಹೊಸ ಲ್ಯಾಪ್‌ಟಾಪ್ ಕೊಳ್ಳುವುದು, ಅಥವಾ ಇದೇ ಮೆಷಿನ್‌ಗೆ ಲಿನಕ್ಸ್ (ವಿಂಡೋಸ್ ಬದಲು ಹಾಕಬಹುದಾದ, ಹೆಚ್ಚಾಗಿ ಉಚಿತವಾಗಿ ಸಿಗುವ ಸಿಸ್ಟಮ್) ಹೊಂದುತ್ತದಾ ನೋಡುವುದು.

ಬ್ಯಾಕಪ್

2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ನೋಡಿದ ಕೊಡಗಿನವರಿಗೆ ಇದರ ಬಗ್ಗೆ ಪಾಠ ಬೇಕಿಲ್ಲ. ಮುಖ್ಯ ಫೈಲುಗಳ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಇನ್ನೊಂದು ಪ್ರತಿ ಬೇರೆ ಮನೆಯಲ್ಲೋ ಕ್ಲೌಡಿನಲ್ಲೋ ಇರಲಿ.

ಜೊತೆಗೆ ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ನೋಡಿ. ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಡಿಸ್ಕ್ ಲಾಕ್ ಆಗಿರುತ್ತದೆ. ನಾವು ಬಯೋಸ್‌ನಲ್ಲಿ ಕೈಯಾಡಿಸಿದರೆ ಮುಂದಿನ ಸಲ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಇಲ್ಲದಿದ್ದರೆ ಡಿಸ್ಕಿನಲ್ಲಿರುವುದೆಲ್ಲ ಹೋಯಿತು ಅಂತಲೇ ಲೆಕ್ಕ. ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಸೇವ್ ಆಗಿರುತ್ತದೆ. ಮೊದಲೇ ತೆಗೆದು ಡೈರಿಯಲ್ಲಿ ಬರೆದಿಡಿ. ಅದೇ ಲ್ಯಾಪ್‌ಟಾಪಿನಲ್ಲಿ ಸೇವ್ ಮಾಡಿ ಆಮೇಲೆ ನನ್ನ ಹತ್ತಿರ ಬಂದವರೂ ಇದ್ದಾರೆ.

ಯಾವುದನ್ನು ಪರೀಕ್ಷಿಸುವುದು?

ಲಿನಕ್ಸ್‌ನಲ್ಲಿ ನೂರಾರು ಬಗೆ ಇವೆ. ಹೊಸಬರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್ ಒಂದೇ. ಡಿಸ್ಕಿಗೆ ಹಾಕದೆ ಪೆನ್‌ಡ್ರೈವ್‌ನಿಂದಲೇ ಅದನ್ನು ಓಡಿಸಿ ನೋಡಬಹುದು. ಟಾಸ್ಕ್‌ಬಾರ್ ಕೆಳಗೆ, ಮೆನು ಎಡಗಡೆ. ವಿಂಡೋಸ್ ಬಳಸಿದ ಕೈಗೆ ಹೆಚ್ಚು ಗೊಂದಲ ಆಗುವುದಿಲ್ಲ. ಅದಕ್ಕೆ ಬೇಕಾದ್ದು ಕನಿಷ್ಠ 2 ಜಿಬಿ ರ‍್ಯಾಮ್, 4 ಇದ್ದರೆ ಒಳ್ಳೆಯದು. ಮೆಷಿನ್ ಚೆನ್ನಾಗಿದ್ದರೆ ಸಿನಮನ್ ಆವೃತ್ತಿ, ಹಳೆಯದಾದರೆ ಎಕ್ಸ್‌ಎಫ್‌ಸಿಇ ಆವೃತ್ತಿ. ದುಡ್ಡು ಕೊಟ್ಟು ಕೊಳ್ಳುವ ಲಿನಕ್ಸೂ ಇದೆ. ಝೋರಿನ್‌ನವರು ಪ್ರೊ ಆವೃತ್ತಿ ಮಾರುತ್ತಾರೆ, ಕೋರ್ ಆವೃತ್ತಿ ಉಚಿತ. ಕೋರ್‌ನಲ್ಲಿ ನಿಮ್ಮ ಕೆಲಸ ಆಗದಿದ್ದರೆ ಪ್ರೊ ಕೊಂಡೂ ಪ್ರಯೋಜನ ಇಲ್ಲ.

ಬರೀ ಬ್ರೌಸರ್‌ನಲ್ಲೇ ಕೆಲಸ ಮುಗಿಯುವವರಿಗೆ ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್ ಇದೆ. ಅದನ್ನೂ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಪ್ಲೇ ಸ್ಟೋರ್ ಅದರಲ್ಲಿ ಇಲ್ಲ, ಮೊಬೈಲ್ ಆ್ಯಪ್ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮ್ಯಾಕ್ ಓಎಸ್ ಮಾತ್ರ ಹೀಗೆ ನೋಡಲು ಬರುವುದಿಲ್ಲ. ಆಪಲ್ ಅದನ್ನು ತನ್ನ ಮೆಷಿನ್ ಮೇಲೆ ಮಾತ್ರ ಓಡಿಸಲು ಬಿಡುತ್ತದೆ. ಮೈಸೂರಿಗೋ ಬೆಂಗಳೂರಿಗೋ ಹೋದಾಗ ಅಂಗಡಿಯಲ್ಲಿ ಕೂತು ನಿಮ್ಮ ಪಟ್ಟಿ ಹಿಡಿದು ಅರ್ಧ ಗಂಟೆ ನೋಡಬೇಕು, ಇಲ್ಲವೇ ಇರುವ ನೆಂಟರ ಮನೆ ಹುಡುಕಬೇಕು.

ಮಳೆಗಾಲದಲ್ಲಿ 3 ಜಿಬಿ ಇಳಿಸುವುದು

ಮಿಂಟ್‌ನ ಫೈಲು 3 ಜಿಬಿಗೆ ಹತ್ತಿರ, ವಿಂಡೋಸ್ 11ರದ್ದು 5 ಜಿಬಿಗೂ ಜಾಸ್ತಿ. ಇವುಗಳಿಗೆ ಐಎಸ್‌ಓ ಫೈಲ್ ಅನ್ನುತ್ತಾರೆ. ನಮ್ಮ ಕಡೆ ಡೌನ್‌ಲೋಡ್ 90 ಪರ್ಸೆಂಟ್‌ಗೆ ಬಂದಾಗ ಕರೆಂಟ್ ಹೋಗುತ್ತದೆ. ಬ್ರೌಸರ್‌ನಲ್ಲಿ ಇಳಿಸಿದರೆ ಎಷ್ಟೋ ಸಲ ಮೊದಲಿಂದ ಶುರು. ಅದಕ್ಕೆ ಟೊರೆಂಟ್ (ಫೈಲನ್ನು ತುಂಡು ತುಂಡಾಗಿ ಇಳಿಸುವ ವಿಧಾನ) ಬಳಸಿ. ಮಿಂಟ್‌ನವರೇ ತಮ್ಮ ಸೈಟಿನಲ್ಲಿ ಟೊರೆಂಟ್ ಕೊಡುತ್ತಾರೆ, ಇದು ಕಳ್ಳ ಸಿನಿಮಾ ಅಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯುತ್ತದೆ. ಬಂದ ಪ್ರತಿ ತುಂಡನ್ನೂ ಸರಿಯಿದೆಯಾ ಅಂತ ಅದೇ ನೋಡಿಕೊಳ್ಳುತ್ತದೆ.

ಬ್ರೌಸರ್‌ನಲ್ಲೇ ಇಳಿಸಿದರೆ ಈ ತಪಾಸಣೆ ನೀವು ಮಾಡಬೇಕು. ಸೆವೆನ್ ಜಿಪ್ ಅನ್ನುವ ಉಚಿತ ಪ್ರೋಗ್ರಾಂ ಇದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಅದರ ಚೆಕ್‌ಸಮ್ ಮೆನುವಿನಲ್ಲಿ 'ಎಸ್‌ಎಚ್‌ಎ 256' ಆರಿಸಿ. ಬರುವ ಉದ್ದದ ಅಕ್ಷರಸಾಲು ಸೈಟಿನಲ್ಲಿ ಕೊಟ್ಟದ್ದಕ್ಕೆ ಅಕ್ಷರ ಅಕ್ಷರಕ್ಕೂ ಹೊಂದಬೇಕು. ಹೊಂದದಿದ್ದರೆ ಅಳಿಸಿ, ಮತ್ತೆ ಇಳಿಸಿ.

ಈ ಕಷ್ಟ ನನಗೆ ಒಂದು ಕಾಲದಲ್ಲಿ ಇರಲಿಲ್ಲ ಅಂದರೆ ನಂಬುತ್ತೀರಾ? 2011ರವರೆಗೆ ಉಬುಂಟು ಅನ್ನುವ ಇನ್ನೊಂದು ಲಿನಕ್ಸ್‌ನವರು ಕೇಳಿದವರಿಗೆಲ್ಲ ಪುಕ್ಕಟೆಯಾಗಿ ಸಿಡಿ ಕಳಿಸುತ್ತಿದ್ದರು, ಅಂಚೆ ಖರ್ಚೂ ಅವರದ್ದೇ. 2008ರಲ್ಲಿ ನಾನೊಂದು ತರಿಸಿದ್ದೆ. ವಿದೇಶಿ ಅಂಚೆಚೀಟಿ ಹಚ್ಚಿದ ಲಕೋಟೆ ಜುಲೈ ಮಳೆಯಲ್ಲಿ ಒದ್ದೆಯಾಗಿ ಬಂತು. ಒಲೆಯ ಮೇಲೆ ಮೆಣಸು ಒಣಗಿಸುವ ತಟ್ಟಿಯಲ್ಲಿ ಅದನ್ನಿಟ್ಟು ಅಮ್ಮನ ಹತ್ತಿರ ಬೈಸಿಕೊಂಡೆ. ಸಿಡಿ ಓಡಿತು.

ಪೆನ್‌ಡ್ರೈವ್ ತಯಾರಿ

8 ಜಿಬಿ ಸಾಕು, 16 ಇದ್ದರೆ ನಿರಾಳ. ಅದರಲ್ಲಿರುವುದೆಲ್ಲ ಅಳಿಸಿ ಹೋಗುತ್ತದೆ. ಮದುವೆ ಫೋಟೊ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ರಸ್ತೆ ಬದಿ ತೀರಾ ಅಗ್ಗಕ್ಕೆ ಸಿಗುವ ಪೆನ್‌ಡ್ರೈವ್ ಬೇಡ. ಹೊರಗೆ 64 ಅಂತ ಬರೆದು ಒಳಗೆ 8 ಮಾತ್ರ ಇದ್ದದ್ದನ್ನು ನಾನೇ ಕೊಂಡಿದ್ದೇನೆ.

ರೂಫಸ್ ಅನ್ನುವ ಸಣ್ಣ ಉಚಿತ ಪ್ರೋಗ್ರಾಂ ಇಳಿಸಿಕೊಳ್ಳಿ. ಪೆನ್‌ಡ್ರೈವ್ ಚುಚ್ಚಿ, ರೂಫಸ್ ತೆರೆದು, ಮೇಲಿನ ಸಾಲಿನಲ್ಲಿ ಬಂದಿರುವುದು ಆ ಪೆನ್‌ಡ್ರೈವೇನಾ ಅಂತ ಸೈಜ್ ನೋಡಿ ಖಾತ್ರಿ ಮಾಡಿಕೊಳ್ಳಿ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇದ್ದರೆ ಈ ಹೊತ್ತಿಗೆ ಕಿತ್ತಿಡಿ. 'ಸೆಲೆಕ್ಟ್' ಒತ್ತಿ ಐಎಸ್‌ಓ ತೋರಿಸಿ, 'ಸ್ಟಾರ್ಟ್' ಒತ್ತಿ. ಯಾವ ಮೋಡ್ ಅಂತ ಕೇಳಿದರೆ ಅದೇ ಶಿಫಾರಸು ಮಾಡಿದ್ದನ್ನು ಇಟ್ಟುಕೊಳ್ಳಿ. ಹತ್ತು ಹದಿನೈದು ನಿಮಿಷ ಹಿಡಿಯಬಹುದು.

ಮೂರ್ನಾಲ್ಕು ಸಿಸ್ಟಮ್ ಒಟ್ಟಿಗೆ ನೋಡುವ ಹುಮ್ಮಸ್ಸು ಇರುವವರಿಗೆ ವೆಂಟಾಯ್ ಇದೆ. ಒಮ್ಮೆ ಅದನ್ನು ಪೆನ್‌ಡ್ರೈವಿಗೆ ಹಾಕಿದರೆ, ಆಮೇಲೆ ಐಎಸ್‌ಓ ಫೈಲುಗಳನ್ನು ಸುಮ್ನೆ ಕಾಪಿ ಮಾಡಿದರೆ ಸಾಕು. ಸೆಕ್ಯೂರ್ ಬೂಟ್ ಇರುವ ಮೆಷಿನ್‌ನಲ್ಲಿ ಮೊದಲ ಸಲ ನೀಲಿ ಪರದೆ ಬಂದು ಕೀ ಸೇರಿಸಲು ಕೇಳುತ್ತದೆ. ಹೊಸಬರು ಅಲ್ಲಿ ಹೆದರುತ್ತಾರೆ, ಅದಕ್ಕೇ ಮೊದಲ ಸಲಕ್ಕೆ ರೂಫಸ್ ಅಂದೆ.

ಪೆನ್‌ಡ್ರೈವ್‌ನಿಂದ ಶುರು ಮಾಡುವುದು

ಪ್ರತಿ ಕಂಪನಿಗೂ ಬೇರೆ ಕೀ. ಎಫ್12, ಎಫ್9, ಎಸ್ಕೇಪ್ ಅಂತ ಒಂದೊಂದೇ ಕುಟ್ಟುತ್ತಾ ಕೂರಬೇಡಿ. ವಿಂಡೋಸ್ ಓಡುತ್ತಿರುವಾಗಲೇ ಶಿಫ್ಟ್ ಕೀ ಒತ್ತಿ ಹಿಡಿದು 'ರೀಸ್ಟಾರ್ಟ್' ಕ್ಲಿಕ್ ಮಾಡಿ. ನೀಲಿ ಪರದೆಯಲ್ಲಿ 'ಯೂಸ್ ಎ ಡಿವೈಸ್' ಬರುತ್ತದೆ, ಅದರಲ್ಲಿ ಪೆನ್‌ಡ್ರೈವ್ ಆರಿಸಿ. ಈ ದಾರಿಯಲ್ಲಿ ಬಂದರೆ ವಿಂಡೋಸ್ ಪೂರ್ತಿ ಮುಚ್ಚಿಕೊಂಡಿರುತ್ತದೆ. ಮಾಮೂಲಿ ಶಟ್‌ಡೌನ್ ಮಾಡಿದರೆ ಅದು ಅರ್ಧ ನಿದ್ದೆಯಲ್ಲಿರುತ್ತದೆ, ಆಮೇಲೆ ಲಿನಕ್ಸ್‌ನಿಂದ ನಿಮ್ಮ ಡಿಸ್ಕ್ ತೆರೆಯಲು ಹೋದಾಗ ತಕರಾರು ಬರುತ್ತದೆ. ಲೆಗಸಿ ಬಯೋಸ್‌ನ ಹಳೆ ಮೆಷಿನ್‌ಗಳಲ್ಲಿ ಆ ಆಯ್ಕೆ ಇರುವುದಿಲ್ಲ, ಅಲ್ಲಿ ಕೀ ಕುಟ್ಟಲೇಬೇಕು.

ಮಿಂಟ್‌ನ ಪಟ್ಟಿ ಬಂದಾಗ ಮೊದಲ ಸಾಲು ಆರಿಸಿ. ಪರದೆ ಕಪ್ಪಾಗಿ ನಿಂತರೆ ಮತ್ತೆ ಶುರು ಮಾಡಿ 'ಕಂಪ್ಯಾಟಿಬಿಲಿಟಿ ಮೋಡ್' ಆರಿಸಿ. ಡೆಸ್ಕ್‌ಟಾಪ್ ಬಂತಾ? ಈಗ ನೀವು ಲಿನಕ್ಸ್ ಒಳಗೆ ಇದ್ದೀರಿ, ನಿಮ್ಮ ಡಿಸ್ಕಿನ ಒಂದು ಅಕ್ಷರವೂ ಬದಲಾಗಿಲ್ಲ. ಎಲ್ಲ ನಡೆಯುತ್ತಿರುವುದು ಪೆನ್‌ಡ್ರೈವ್ ಮತ್ತು ರ‍್ಯಾಮ್‌ನಲ್ಲಿ.

ಡೆಸ್ಕ್‌ಟಾಪ್ ಮೇಲೆ 'ಇನ್‌ಸ್ಟಾಲ್' ಅನ್ನುವ ಒಂದು ಐಕಾನ್ ಇರುತ್ತದೆ. ಅದನ್ನು ಮುಟ್ಟಬೇಡಿ. ಫೈಲ್ ಮ್ಯಾನೇಜರ್‌ನಿಂದ ನಿಮ್ಮ ವಿಂಡೋಸ್ ಡಿಸ್ಕ್ ತೆರೆದು ಫೈಲು ನೋಡಬಹುದು, ಆದರೆ ಅಲ್ಲಿ ಅಳಿಸಿದ್ದು ನಿಜವಾಗಿಯೂ ಅಳಿಸಿ ಹೋಗುತ್ತದೆ. ಪರೀಕ್ಷೆಗೆ ಬೇಕಾದ ಫೈಲುಗಳ ಪ್ರತಿಯನ್ನು ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ, ಅಸಲಿಯ ಹತ್ತಿರ ಹೋಗಲೇಬೇಡಿ. ಟೀ ಕುಡಿದು ಬರುವಷ್ಟರಲ್ಲಿ ಪರದೆ ಲಾಕ್ ಆಗಿ ಪಾಸ್‌ವರ್ಡ್ ಕೇಳಿದರೆ, ಏನೂ ಟೈಪ್ ಮಾಡದೆ ಎಂಟರ್ ಒತ್ತಿ.

ಮಷಿನ್ ಆಫ್ ಆದರೆ ನೀವು ಮಾಡಿದ ಬದಲಾವಣೆ ಎಲ್ಲ ಹೋಗುತ್ತದೆ. ಡೆಸ್ಕ್‌ಟಾಪ್ ಕಂಪ್ಯೂಟರ್ ಆದರೆ ಯುಪಿಎಸ್ ಇರಲಿ. ಗುಡುಗು ಶುರುವಾದರೆ ಪರೀಕ್ಷೆ ಗಿರೀಕ್ಷೆ ಬಿಟ್ಟು ಪ್ಲಗ್ ಕಿತ್ತುಬಿಡಿ.

ಹಾರ್ಡ್‌ವೇರ್ ಪರೀಕ್ಷೆ

ಮೊದಲು ವೈಫೈ. ಸಿಗಲಿಲ್ಲವಾ? ಮೊಬೈಲನ್ನು ಕೇಬಲ್‌ನಲ್ಲಿ ಕಂಪ್ಯೂಟರಿಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಇಂಟರ್‌ನೆಟ್ ಬರುತ್ತದೆ. ಆಮೇಲೆ 'ಡ್ರೈವರ್ ಮ್ಯಾನೇಜರ್' ತೆರೆದು ವೈಫೈ ಡ್ರೈವರ್ ತೋರಿಸುತ್ತದಾ ನೋಡಿ. ಕೆಲವು ಹಳೆ ಬ್ರಾಡ್‌ಕಾಮ್ ಕಾರ್ಡುಗಳಿಗೆ ಇದೇ ದಾರಿ.

ನಂತರ ಸೌಂಡ್, ಮೈಕ್, ಕ್ಯಾಮೆರಾ, ಪರದೆಯ ಬೆಳಕು, ಟಚ್‌ಪ್ಯಾಡ್. ಲ್ಯಾಪ್‌ಟಾಪ್ ಮುಚ್ಚಿ ಐದು ನಿಮಿಷ ಬಿಟ್ಟು ತೆರೆಯಿರಿ, ಎದ್ದು ಬರುತ್ತದಾ? ಇದನ್ನು ಮರೆಯುವವರೇ ಜಾಸ್ತಿ. ವೇಗದ ಬಗ್ಗೆ ಮಾತ್ರ ಈಗಲೇ ತೀರ್ಪು ಕೊಡಬೇಡಿ. ಪೆನ್‌ಡ್ರೈವ್‌ನಿಂದ ಓಡುವಾಗ ಯಾವ ಸಿಸ್ಟಮ್ ಆದರೂ ನಿಧಾನ. ನೀಲಿ ಬಣ್ಣದ ಯುಎಸ್‌ಬಿ ಜಾಗ ಇದ್ದರೆ ಅದರಲ್ಲಿ ಚುಚ್ಚಿ, ಸ್ವಲ್ಪ ವಾಸಿ.

ಪ್ರಿಂಟರ್ ದೊಡ್ಡ ಕಥೆ. ಈಚಿನ ನೆಟ್‌ವರ್ಕ್ ಪ್ರಿಂಟರ್‌ಗಳು ಡ್ರೈವರ್ ಇಲ್ಲದೆಯೇ ಕೆಲಸ ಮಾಡುತ್ತವೆ. ಆದರೆ ಹತ್ತು ಹದಿನೈದು ವರ್ಷ ಹಳೆಯ, ಬರೀ ಯುಎಸ್‌ಬಿ ಇರುವ ಲೇಸರ್ ಪ್ರಿಂಟರ್‌ಗಳಲ್ಲಿ ಕೆಲವು ತಮ್ಮದೇ ಭಾಷೆಯಲ್ಲಿ ಮಾತಾಡುತ್ತವೆ. ರೈಟರದ್ದು ಅಂಥದ್ದೇ. ಮಿಂಟ್ ಪ್ರಿಂಟರಿನ ಹೆಸರು ಗುರುತಿಸಿತು, 'ಪ್ರಿಂಟ್' ಒತ್ತಿದರೆ ಹಸಿರು ದೀಪ ಎರಡು ಸಲ ಮಿಣುಕಿತು, ಕಾಗದ ಮಾತ್ರ ಅಲುಗಲಿಲ್ಲ. ಒಂದು ಸಂಜೆ ಪೂರ್ತಿ ಅದರ ಹಿಂದೆ ಬಿದ್ದೆವು. ಕೊನೆಗೆ ಚೌಕದಲ್ಲಿ ತಪ್ಪು ಗುರುತು ಹಾಕಿದೆವು. ನಿಮಗೂ ಹೀಗಾದರೆ ಒಂದು ಸಂಜೆಗಿಂತ ಹೆಚ್ಚು ಕೊಡಬೇಡಿ.

ಕನ್ನಡ: ಇಲ್ಲಿ ಸಮಯ ಕೊಡಿ

ನಾನು ಲಗ್ನಪತ್ರಿಕೆ, ಅರ್ಜಿ ಟೈಪ್ ಮಾಡಿ ಬದುಕುವವನು. ಹಾಗಾಗಿ ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ.

ಓದುವುದಕ್ಕೆ ಏನೂ ತೊಂದರೆ ಇಲ್ಲ. ಕನ್ನಡದ ಯೂನಿಕೋಡ್ ಫಾಂಟ್ ಮೊದಲೇ ಇರುತ್ತದೆ. ಟೈಪ್ ಮಾಡುವುದಕ್ಕೆ ಐಬಸ್ ಅನ್ನುವ ಇನ್‌ಪುಟ್ ವ್ಯವಸ್ಥೆ ಬೇಕು. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ 'ಐಬಸ್ ಎಂ17ಎನ್' ಹುಡುಕಿ ಹಾಕಿಕೊಳ್ಳಿ, ಲಾಗ್‌ಔಟ್ ಆಗಿ ಮತ್ತೆ ಒಳಗೆ ಬನ್ನಿ. ಲಾಗ್‌ಔಟ್ ಸಾಕು, ರೀಸ್ಟಾರ್ಟ್ ಮಾಡಿದರೆ ಹಾಕಿದ್ದೆಲ್ಲ ಹೋಗುತ್ತದೆ. ಐಬಸ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಆರಿಸಿದರೆ ಹಲವು ಕೀಲಿಮಣೆ ಸಿಗುತ್ತವೆ. ನುಡಿ ಅಭ್ಯಾಸ ಇರುವವರು 'ಕೆಜಿಪಿ' ಆರಿಸಿ, ಅದೇ ಕಗಪ ವಿನ್ಯಾಸ. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರದ ಹಾಗೆ ಹೊಡೆಯುವವರಿಗೆ 'ಐಟ್ರಾನ್ಸ್'.

ಈಗ ಸುಮ್ನೆ 'ಕನ್ನಡ' ಅಂತ ಹೊಡೆದು ಖುಷಿಪಡಬೇಡಿ. ಕೈ ತೊಡರುವ ಪದ ಹೊಡೆಯಿರಿ: ಸೂರ್ಯ, ಕ್ಷೇತ್ರ, ಸ್ವಾತಂತ್ರ್ಯ, ಪುತ್ತರಿ, ರ‍್ಯಾಂಕ್. ಕೊನೆಯದರಲ್ಲೇ ವಿಷಯ ಇರುವುದು. ಅರ್ಕಾವತ್ತು ಬರದೆ, 'ರ' ಪೂರ್ತಿಯಾಗಿ ನಿಂತು ಕೆಳಗೆ 'ಯ' ಒತ್ತು ಬರಬೇಕು. ಅದಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಬೇಕಾಗುತ್ತದೆ. ಅದನ್ನು ಹೊಡೆಯುವ ಕೀ ಯಾವುದು ಅಂತ ನಿಮ್ಮ ಕೀಲಿಮಣೆಯಲ್ಲಿ ಹುಡುಕಿ ಇಟ್ಟುಕೊಳ್ಳಿ.

ಹಳೆ ಫೈಲುಗಳದ್ದು ಬೇರೆ ಸಮಸ್ಯೆ. ಯೂನಿಕೋಡ್‌ಗೆ ಮೊದಲು ನುಡಿ, ಬರಹದಲ್ಲಿ ಹೊಡೆದ ಪತ್ರಗಳು ನಿಜವಾಗಿ ಕನ್ನಡ ಅಕ್ಷರಗಳೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಮುಖವಾಡ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಗೀಚಿದ ಹಾಗೆ ಕಾಣುತ್ತದೆ. ವಿಂಡೋಸ್‌ನಲ್ಲಿರುವ ನಿಮ್ಮ ನುಡಿ ಫಾಂಟ್ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿ ತಂದು, ಇಲ್ಲಿ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಮಾಡಿದರೆ ಓದಲು ಬರುತ್ತದೆ, ಪ್ರಿಂಟೂ ಬರುತ್ತದೆ. ತಿದ್ದುವುದು ಕಷ್ಟ, ಏಕೆಂದರೆ ಆ ಟೈಪಿಂಗ್‌ಗೆ ನುಡಿ ಸಾಫ್ಟ್‌ವೇರೇ ಬೇಕು, ಅದು ವಿಂಡೋಸ್‌ಗಾಗಿ ಮಾಡಿದ್ದು. ಇನ್ನು ತುಂಗಾ ಫಾಂಟ್‌ನಲ್ಲಿ ಮಾಡಿದ ಯೂನಿಕೋಡ್ ಪತ್ರ ತೆರೆದರೆ ಅಕ್ಷರ ಸರಿ ಇರುತ್ತದೆ, ಆದರೆ ಬೇರೆ ಫಾಂಟ್ ಬಂದು ಕೂತು ಒಂದು ಪುಟದ್ದು ಒಂದೂಕಾಲು ಪುಟ ಆಗಬಹುದು.

ಡಿಟಿಪಿ ಮಾಡುವವರಿಗೆ ನೇರವಾಗಿ ಹೇಳುತ್ತೇನೆ: ಕೋರಲ್‌ಡ್ರಾ, ಪೇಜ್‌ಮೇಕರ್ ನಿಮ್ಮ ಅನ್ನ ಆಗಿದ್ದರೆ ಆ ಮೆಷಿನ್ ವಿಂಡೋಸ್‌ನಲ್ಲೇ ಇರಲಿ. ನನ್ನ ಅಂಗಡಿಯಲ್ಲಿ ಒಂದು ಹಾಗೆಯೇ ಇದೆ.

ಉಳಿದ ಚೌಕಗಳು

ಬ್ರೌಸರ್‌ನಲ್ಲಿ ನಡೆಯುವ ಕೆಲಸಗಳು, ಪಹಣಿ, ಬ್ಯಾಂಕು, ವಾಟ್ಸ್ಯಾಪ್ ವೆಬ್, ಆನ್‌ಲೈನ್ ಕ್ಲಾಸು, ಒಂದು ಗಂಟೆಯಲ್ಲಿ ಟಿಕ್ ಆದವು. ಡಿಜಿಟಲ್ ಸಿಗ್ನೇಚರ್ ಟೋಕನ್ ಅಥವಾ ಬೆರಳಚ್ಚು ಯಂತ್ರ ಬಳಸುವವರು ಅದನ್ನು ಚುಚ್ಚಿ, ನಿಜವಾಗಿ ಒಮ್ಮೆ ಸಹಿ ಹಾಕಿ ನೋಡಲೇಬೇಕು. ಲೈಟ್ ಹತ್ತಿದರೆ ಕೆಲಸ ಮಾಡಿತು ಅಂತಲ್ಲ.

ಮಳೆ ಶೀಟು ಮಿಂಟ್ ಜೊತೆಗೇ ಬರುವ ಲಿಬ್ರೆ ಆಫೀಸ್‌ನಲ್ಲಿ ಚೆನ್ನಾಗಿಯೇ ತೆರೆಯಿತು. ಬಣ್ಣ, ಮೊತ್ತ, ಗೆರೆ, ಎಲ್ಲ ಇತ್ತು. ಆ ಬಟನ್ ಒತ್ತಿದರೆ ಮಾತ್ರ ದೋಷ. ಎಕ್ಸೆಲ್‌ನ ಮ್ಯಾಕ್ರೋಗಳು, ಅಂದರೆ ಅದರೊಳಗೆ ಬರೆದಿಟ್ಟ ಸಣ್ಣ ಪ್ರೋಗ್ರಾಂಗಳು, ಇಲ್ಲಿ ಎಲ್ಲವೂ ಓಡುವುದಿಲ್ಲ. ರೈಟರ ಮುಖ ಇಳಿಯಿತು. ಆಮೇಲೆ ನೋಡಿದರೆ ಆ ಬಟನ್ ಮಾಡುತ್ತಿದ್ದದ್ದು ಹನ್ನೆರಡು ತಿಂಗಳ ಸೆಂಟುಗಳನ್ನು ಕೂಡಿಸಿ ನೂರರಿಂದ ಭಾಗಿಸುವುದು, ಅಷ್ಟೆ. ಒಂದು ಸೂತ್ರದಲ್ಲಿ ಆಗುವ ಕೆಲಸ. ಅದನ್ನು ಬರೆದುಕೊಟ್ಟೆ. ನಿಮ್ಮ ಮ್ಯಾಕ್ರೋ ಇದಕ್ಕಿಂತ ದೊಡ್ಡದಾದರೆ ಅದು ದೊಡ್ಡ ತಪ್ಪು ಗುರುತೇ.

ಟ್ಯಾಲಿ ವಿಂಡೋಸ್‌ಗಾಗಿ ಇರುವ ಸಾಫ್ಟ್‌ವೇರ್. ವೈನ್ ಅನ್ನುವ ಸಲಕರಣೆ ಬಳಸಿ ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸಲು ನೋಡಬಹುದು, ಕೆಲವು ಓಡುತ್ತವೆ. ತೋಟದ ಲೆಕ್ಕವನ್ನು ಅಂಥ ಅದೃಷ್ಟದ ಮೇಲೆ ಬಿಡಲು ನಾನು ಒಪ್ಪುವುದಿಲ್ಲ.

ವಿಂಡೋಸ್ 11 ನೋಡಬೇಕು ಅಂದರೆ

ಹೊಸ ಲೈಸೆನ್ಸಿಗೆ ದುಡ್ಡು ಕೊಡುವ ಮೊದಲು ಓಡಿಸಿ ನೋಡಲು ಮೈಕ್ರೋಸಾಫ್ಟ್ ವಿಂಡೋಸ್ 11 ಎಂಟರ್‌ಪ್ರೈಸ್‌ನ ಪರೀಕ್ಷಾ ಆವೃತ್ತಿ ಕೊಡುತ್ತದೆ. 90 ದಿನ ಉಚಿತ. ಅವಧಿ ಮುಗಿದ ಮೇಲೆ ಅದಕ್ಕೇ ಕೀ ಹಾಕಿ ಮುಂದುವರಿಸಲು ಆಗುವುದಿಲ್ಲ, ಮೊದಲಿಂದ ಇನ್‌ಸ್ಟಾಲ್ ಮಾಡಬೇಕು. ಹಾಗಾಗಿ ಅದರಲ್ಲಿ ನಿಜವಾದ ಲೆಕ್ಕ ಇಡಬೇಡಿ.

ಇದನ್ನು ಎಲ್ಲಿ ಹಾಕುವುದು? ವರ್ಚುವಲ್‌ಬಾಕ್ಸ್ ಅನ್ನುವ ಉಚಿತ ಪ್ರೋಗ್ರಾಂ ಇದೆ, ಈಗಿನ ವಿಂಡೋಸ್ ಒಳಗೇ ಒಂದು ನಕಲಿ ಕಂಪ್ಯೂಟರ್ ಮಾಡಿಕೊಡುತ್ತದೆ. ಅದರ 7ನೇ ಆವೃತ್ತಿಯಿಂದ ಟಿಪಿಎಂ ಕೂಡ ಒದಗಿಸುತ್ತದೆ. ಆದರೆ 16 ಜಿಬಿ ರ‍್ಯಾಮ್ ಇಲ್ಲದಿದ್ದರೆ ಎರಡೂ ತೆವಳುತ್ತವೆ. ಜೊತೆಗೆ ಅಲ್ಲಿ ನಿಮ್ಮ ವೈಫೈ ಕಾರ್ಡಿನ, ನಿದ್ದೆ ಮಾಡಿ ಏಳುವುದರ ಪರೀಕ್ಷೆ ಆಗುವುದೇ ಇಲ್ಲ. ಮೆನು ಹೇಗಿದೆ, ಸಾಫ್ಟ್‌ವೇರ್ ಓಡುತ್ತದಾ ಅಂತ ನೋಡಲು ಮಾತ್ರ ಅದು ಸರಿ.

ನನಗೆ ಇಷ್ಟವಾದ ದಾರಿ ಬೇರೆ. 256 ಜಿಬಿಯ ಒಂದು ಎಸ್‌ಎಸ್‌ಡಿ (ಹೊಸ ಬಗೆಯ ವೇಗದ ಡಿಸ್ಕ್) ಕೊಳ್ಳಿ. ಹಳೆ ಡಿಸ್ಕ್ ಬಿಚ್ಚಿ, ಹೆಸರು ಬರೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಮುಚ್ಚಿಡಿ. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ, ಡಿಸ್ಕನ್ನು ಸುಮ್ನೆ ಕಪಾಟಿನಲ್ಲಿ ಇಡಬೇಡಿ. ಹೊಸ ಎಸ್‌ಎಸ್‌ಡಿ ಹಾಕಿ, ಪರೀಕ್ಷಿಸಬೇಕಾದ ಸಿಸ್ಟಮ್ ಅನ್ನು ಪೂರ್ತಿ ಇನ್‌ಸ್ಟಾಲ್ ಮಾಡಿ. ಒಂದು ತಿಂಗಳು ಬಳಸಿ. ಬೇಡ ಅನಿಸಿದರೆ ಹಳೆ ಡಿಸ್ಕ್ ವಾಪಸ್. ಎರಡನ್ನೂ ಒಂದೇ ಡಿಸ್ಕಿನಲ್ಲಿ ಹಾಕುವ ಡ್ಯುಯಲ್ ಬೂಟ್ ಮೊದಲ ಸಲಕ್ಕೆ ಬೇಡ. ಪಾರ್ಟಿಷನ್ ಮಾಡುವಾಗ ಒಂದು ತಪ್ಪು ಕ್ಲಿಕ್ ಸಾಕು.

ಹೇಗೆ ತೀರ್ಮಾನಿಸುವುದು?

ಪೆನ್‌ಡ್ರೈವ್‌ನಿಂದ ಒಂದು ವಾರ, ದಿನಾ ಒಂದು ಗಂಟೆ ನಿಮ್ಮ ಕೆಲಸವನ್ನೇ ಮಾಡಿ. ಆಮೇಲೆ ಪಟ್ಟಿ ನೋಡಿ. ಟಿಕ್‌ಗಳನ್ನು ಎಣಿಸಬೇಡಿ. ತಪ್ಪು ಗುರುತು ಬಿದ್ದ ಪ್ರತಿ ಸಾಲಿಗೂ ಕೇಳಿಕೊಳ್ಳಿ: ಇದಕ್ಕೆ ಬೇರೆ ದಾರಿ ಇದೆಯಾ, ಅದಕ್ಕೆ ಎಷ್ಟು ಖರ್ಚು? ಒಂದೇ ಒಂದು ತಪ್ಪು ಗುರುತು ಇಡೀ ಪಟ್ಟಿಯನ್ನು ಮಗುಚಬಹುದು.

ರೈಟರ ಪಟ್ಟಿಯಲ್ಲಿ ಕೊನೆಗೆ ಎರಡು ಉಳಿದವು, ಪ್ರಿಂಟರ್ ಮತ್ತು ಟ್ಯಾಲಿ. ತೋಟದ ಯಜಮಾನರ ಆಫೀಸಿನಲ್ಲಿ ವಿಂಡೋಸ್ 11 ಇರುವ ಕಂಪ್ಯೂಟರ್ ಇತ್ತು. ಟ್ಯಾಲಿ ಮತ್ತು ಪ್ರಿಂಟರ್ ಅಲ್ಲಿಗೆ ಹೋದವು. ಹಳೆ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ರ‍್ಯಾಮ್, ಮಿಂಟ್. ಹೊಸ ಲ್ಯಾಪ್‌ಟಾಪಿನ ದುಡ್ಡು ಉಳಿಯಿತು.

ಪರೀಕ್ಷೆಯ ವಾರದಲ್ಲಿ ನಡೆದ ಒಂದು ಸಂಗತಿ ಹೇಳುವುದು ಬಾಕಿ ಇದೆ, ನಿಮಗೂ ಆಗಬಹುದು. ಎರಡನೇ ದಿನ ಬೆಳಿಗ್ಗೆ ರೈಟರು ಪೆನ್‌ಡ್ರೈವ್ ಕಿತ್ತು ಮಾಮೂಲಿನಂತೆ ವಿಂಡೋಸ್ ಆನ್ ಮಾಡಿ ನನಗೆ ಫೋನ್ ಹಚ್ಚಿದರು.

"ಅಣ್ಣಾ, ಹತ್ತು ಗಂಟೆಗೆ ಆಳುಗಳು ಕಾಫಿಗೆ ಬಂದಿದ್ದಾರೆ. ಇದು ನೋಡಿದ್ರೆ ನಾಲ್ಕೂವರೆ ಅಂತದೆ. ಬ್ಯಾಂಕಿನ ಸೈಟೂ ತೆರೀತಾ ಇಲ್ಲ."

ಕಂಪ್ಯೂಟರಿನ ಒಳಗಿನ ಗಡಿಯಾರದಲ್ಲಿ ಲಿನಕ್ಸ್ ಗ್ರೀನ್‌ವಿಚ್ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ. ಗಡಿಯಾರ ತಪ್ಪಿದ್ದರೆ ಬ್ರೌಸರ್ ಕೆಲವು ಸುರಕ್ಷಿತ ಸೈಟುಗಳನ್ನು ನಂಬದೇ ಇರಬಹುದು. ಸೆಟ್ಟಿಂಗ್ಸ್, 'ಟೈಮ್ ಅಂಡ್ ಲ್ಯಾಂಗ್ವೇಜ್', 'ಸಿಂಕ್ ನೌ' ಒತ್ತಿ ಅಂದೆ. ಒತ್ತಿದರು.

"ಹತ್ತು ಹತ್ತು ಆಯ್ತು," ಅಂದರು. "ಇಡ್ತೇನೆ ಅಣ್ಣಾ, ಆಳುಗಳಿಗೆ ಕಾಫಿ ಆರ್ತಾ ಇದೆ."